ದೂರದಿಂದ ಮುಟ್ಟುವ ಚಿಕಿತ್ಸೆ: ಯಂತ್ರ, ಫಿಜಿಯೋ ಮತ್ತು ನಮ್ಮ ನಾಲ್ಕು ತಾಲ್ಲೂಕು

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸವೆಂದರೆ ವಚನ, ತತ್ವಪದ, ಶಾಸನ ಎನ್ನುವುದು ನಮ್ಮಲ್ಲಿ ರೂಢಿ. ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಶಾಸನ ಉಳಿದಿರುವ ಕೊಪ್ಪಳದಂಥ ಊರಿನಲ್ಲಿ ಅದು ಸಹಜವೂ ಹೌದು. ಆದರೆ ದಾನಿಗಳ ಮನೆಯವರು ಈ ಸಲ ಆರೋಗ್ಯದ ಬಗ್ಗೆಯೇ ಆಗಲಿ, ಅದರಲ್ಲೂ ಲಕ್ವಾ ಹೊಡೆದು ಮಲಗಿದವರ ಬಗ್ಗೆ ಆಗಲಿ ಎಂದು ಬಯಸಿದರು. ನಾನು ಫಿಜಿಯೋಥೆರಪಿಯನ್ನೇ ಬದುಕಾಗಿ ಮಾಡಿಕೊಂಡವನು. ಒಂದು ಕಾಲದಲ್ಲಿ ನಮ್ಮ ಕಡೆ ಜನ ನಮ್ಮನ್ನು 'ಕರೆಂಟ್ ಕೊಡೋರು' ಎನ್ನುತ್ತಿದ್ದರು. ಈಗ 'ಫಿಜಿಯೋ' ಎಂಬ ಮಾತು ಹಳ್ಳಿಗೂ ಬಂದಿದೆ. ಮಾತು ಬಂದಿದೆ, ಆ ಕೆಲಸ ಮಾಡುವ ಕೈಗಳು ಮಾತ್ರ ಇನ್ನೂ ಬಂದಿಲ್ಲ. ಆ ಕೊರತೆಯನ್ನು ಯಂತ್ರ ತುಂಬಬಲ್ಲುದೆ ಎಂಬ ಪ್ರಶ್ನೆಯನ್ನು ಇವತ್ತು ಎತ್ತಿಕೊಂಡಿದ್ದೇನೆ.

ಯಂತ್ರದ ಕಲ್ಪನೆ ಹೀಗಿದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಒಬ್ಬ ನುರಿತ ಚಿಕಿತ್ಸಕಿ ಮೇಜಿನ ಮುಂದೆ ಕೂತು ಒಂದು ಹಿಡಿಕೆಯನ್ನು ಹಿಡಿದಿರುತ್ತಾರೆ. ಯಲಬುರ್ಗಾದಲ್ಲಿ ರೋಗಿಯ ಮುಂಗೈಗೆ ಒಂದು ಯಂತ್ರದ ತೋಳು ಕಟ್ಟಿರುತ್ತದೆ. ಅಲ್ಲಿ ಹಿಡಿಕೆ ಸರಿದಂತೆ ಇಲ್ಲಿ ರೋಗಿಯ ಕೈ ಸರಿಯುತ್ತದೆ. ರೋಗಿಯ ಕೀಲು ಎಲ್ಲಿ ತಡೆಯಿತು, ಎಷ್ಟು ಬಿಗಿಯಾಗಿದೆ ಎಂಬ ಸುದ್ದಿ ಮರಳಿ ಚಿಕಿತ್ಸಕಿಯ ಅಂಗೈಗೇ ಬರುತ್ತದೆ. ಕಣ್ಣಿಂದ ನೋಡುವುದು, ಕಿವಿಯಿಂದ ಕೇಳುವುದು ದೂರದಿಂದ ಆಗುತ್ತಿದೆ. ಮುಟ್ಟುವುದೂ ಹಾಗೆಯೇ ಆಗಲಿ ಎಂಬುದು ಇದರ ಆಸೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರ ನಮಗೆ ಬೇಕು. ಆದರೆ ರೋಗಿಯ ಪಕ್ಕದಲ್ಲಿ ತರಬೇತಿ ಪಡೆದ ಒಬ್ಬ ಮನುಷ್ಯ ನಿಂತಿದ್ದಾಗ ಮಾತ್ರ ಅದು ಬೇಕು. ಆ ಮನುಷ್ಯ ಇಲ್ಲದ ಊರಿಗೆ ಮೊದಲು ಯಂತ್ರ ಕಳಿಸುವುದು ತಪ್ಪು. ಹಾಗೆ ಏಕೆ ಹೇಳುತ್ತೇನೆ ಎಂಬುದನ್ನು ಬಿಡಿಸಲು ಮನುಷ್ಯರ ಕೈ ಏನು ಮಾಡುತ್ತದೆ ಎಂಬಲ್ಲಿಂದ ಹೊರಡಬೇಕು.

ಭುಜದ ಕೀಲನ್ನು ತೆಗೆದುಕೊಳ್ಳಿ. ದೇಹದಲ್ಲೇ ಅತಿ ಹೆಚ್ಚು ಆಡುವ ಕೀಲು ಅದು. ಆ ಕಾರಣಕ್ಕೇ ಅತಿ ಕಡಿಮೆ ಭದ್ರವಾದದ್ದೂ ಅದೇ. ರಟ್ಟೆಯ ಎಲುಬಿನ ದುಂಡನೆಯ ತಲೆ ಆಳವಿಲ್ಲದ ಒಂದು ಗುಳಿಗೆ ಆತುಕೊಂಡಿರುತ್ತದೆ. ಅದನ್ನು ಅಲ್ಲಿ ಹಿಡಿದಿಡುವುದು ಸುತ್ತಲಿನ ಸ್ನಾಯುಗಳು. ಲಕ್ವಾ ಆದ ಮೊದಲ ದಿನಗಳಲ್ಲಿ ಆ ಸ್ನಾಯುಗಳು ಸಡಿಲ ಬೀಳುತ್ತವೆ, ತೋಳಿನ ಭಾರಕ್ಕೇ ಎಲುಬು ಗುಳಿಯಿಂದ ಕೆಳಕ್ಕೆ ಜಾರುತ್ತದೆ. 'ಕೈ ಜೋತು ಬಿದ್ದದ' ಎಂದು ಮನೆಯವರು ಹೇಳುವುದು ಇದನ್ನೇ. ಆ ಹೊತ್ತಿಗೆ ಮಗನೋ ಸೊಸೆಯೋ ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸುತ್ತಾರೆ, ಇಲ್ಲವೇ ಬಿದ್ದ ಕೈಯನ್ನೇ ಹಿಡಿದು ಎಳೆದು ಎಬ್ಬಿಸುತ್ತಾರೆ. ಮಾಡುವುದು ಅಕ್ಕರೆಯಿಂದಲೇ. ಆದರೆ ಅದರಿಂದ ಭುಜದ ಸುತ್ತಲಿನ ನಾರುಗಳಿಗೆ ಪೆಟ್ಟಾಗುತ್ತದೆ. ಎರಡು ಮೂರು ವಾರಕ್ಕೆ ಭುಜ ನೋಯತೊಡಗುತ್ತದೆ. ನೋಯುವ ಭುಜವನ್ನು ರೋಗಿ ಆಡಿಸಗೊಡುವುದಿಲ್ಲ. ಆಡಿಸದ ಕೀಲು ಹಿಡಿದುಕೊಳ್ಳುತ್ತದೆ. ಮೆದುಳು ಚೇತರಿಸಿಕೊಂಡು ಕೈಗೆ ಅಪ್ಪಣೆ ಕೊಡುವ ಹೊತ್ತಿಗೆ ಆ ಅಪ್ಪಣೆ ಪಾಲಿಸುವ ಸ್ಥಿತಿಯಲ್ಲಿ ಭುಜವೇ ಇರುವುದಿಲ್ಲ.

ನುರಿತ ಫಿಜಿಯೋ ಇಂಥ ಕೈಯನ್ನು ಹೇಗೆ ಹಿಡಿಯುತ್ತಾರೆ ನೋಡಿ. ಒಂದು ಅಂಗೈ ಭುಜದ ಹಲಗೆಯ ಮೇಲೆ, ಇನ್ನೊಂದು ಮೊಣಕೈಯ ಕೆಳಗೆ. ರಟ್ಟೆಯ ಎಲುಬನ್ನು ಮೆಲ್ಲಗೆ ಗುಳಿಯೊಳಕ್ಕೆ ಕೂರಿಸಿಕೊಂಡೇ ಅವರು ತೋಳನ್ನು ಮೇಲೆತ್ತುವುದು. ಎತ್ತುತ್ತಿರುವಾಗ ಹಲಗೆ ಜೊತೆಗೆ ತಿರುಗುತ್ತಿದೆಯೇ ಎಂಬುದನ್ನು ಮೊದಲ ಅಂಗೈ ಗಮನಿಸುತ್ತದೆ. ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸುತ್ತಾರೆ. ರೋಗಿ ಉಸಿರು ಬಿಗಿ ಹಿಡಿದರೆ, ಹುಬ್ಬು ಗಂಟಿಕ್ಕಿದರೆ, ಬಾಯಿ ಬಿಟ್ಟು ಹೇಳುವ ಮೊದಲೇ ಕೈ ಹಿಂದೆ ಸರಿಯುತ್ತದೆ. ಲಕ್ವಾದಲ್ಲಿ ಎಷ್ಟೋ ಜನರ ಮಾತೇ ಹೋಗಿರುತ್ತದೆ ಎಂಬುದನ್ನು ಮರೆಯಬೇಡಿ.

ಮೊಣಕೈಯಲ್ಲಿ ಇನ್ನೊಂದು ಬಗೆಯ ಸೂಕ್ಷ್ಮವಿದೆ. ಕೆಲವು ವಾರ ಕಳೆದ ಮೇಲೆ ಸಡಿಲವಾಗಿದ್ದ ತೋಳು ಬಿಗಿಯತೊಡಗುತ್ತದೆ, ಬೆರಳು ಮುಷ್ಟಿಗಟ್ಟುತ್ತವೆ. ಈ ಬಿಗಿತದಲ್ಲಿ ಎರಡು ಜಾತಿ. ನರದ ಬಿಗಿತವಾದರೆ ನಿಧಾನವಾಗಿ ಚಾಚಿದಾಗ ಕೈ ಬರುತ್ತದೆ, ಬೇಗ ಚಾಚಿದರೆ ನಡುವೆ ಒಂದು ಕಡೆ ಗಕ್ಕನೆ ತಡೆಯುತ್ತದೆ. ಸ್ನಾಯುವೇ ಮೊಟಕಾಗಿ ಹಿಡಿದುಕೊಂಡಿದ್ದರೆ ನಿಧಾನವಾಗಿ ಚಾಚಿದರೂ ಅಷ್ಟೇ, ಬೇಗ ಚಾಚಿದರೂ ಅಷ್ಟೇ, ಅದೇ ಜಾಗದಲ್ಲಿ ನಿಲ್ಲುತ್ತದೆ. ಮೊದಲನೆಯದಕ್ಕೆ ಔಷಧ, ಸೂಜಿಮದ್ದು, ಕೂರುವ ಮಲಗುವ ಭಂಗಿಯ ತಿದ್ದುಪಡಿ. ಎರಡನೆಯದಕ್ಕೆ ಬಹಳ ಹೊತ್ತಿನ ಚಾಚುವಿಕೆ, ಪಟ್ಟಿ. ನರದ ಬಿಗಿತವನ್ನು ಅಳೆಯಲು 0ಯಿಂದ 4ರವರೆಗಿನ ಆಷ್ವರ್ತ್ ಮಾಪನವಿದೆ. ಆ ಅಂಕಿಯನ್ನು ಕೊಡುವುದು ಚಿಕಿತ್ಸಕರ ಕೈ. ಒಂದೇ ರೋಗಿಗೆ ಇಬ್ಬರು ಚಿಕಿತ್ಸಕರು ಬೇರೆ ಬೇರೆ ಅಂಕಿ ಕೊಡುವುದುಂಟು. ಯಂತ್ರ ಇಲ್ಲಿ ನಮಗಿಂತ ಮೇಲು ಎಂದು ನಾನು ಒಪ್ಪುತ್ತೇನೆ. ಎಷ್ಟು ವೇಗದಲ್ಲಿ ಚಾಚಿದಾಗ, ಎಷ್ಟು ಡಿಗ್ರಿಯಲ್ಲಿ, ಎಷ್ಟು ಬಲದಿಂದ ತಡೆಯಿತು ಎಂಬುದನ್ನು ಅದು ಪ್ರತಿ ಸಲವೂ ಬರೆದಿಡುತ್ತದೆ, ಮುಂದಿನ ತಿಂಗಳ ಲೆಕ್ಕಕ್ಕೆ ಹೋಲಿಸಿ ತೋರಿಸುತ್ತದೆ.

ಈಗ ಯಂತ್ರದ ಕಥೆ. ದೂರದ ಕೈಯ ಹುಟ್ಟಿಗೂ ಆಸ್ಪತ್ರೆಗೂ ಸಂಬಂಧವಿರಲಿಲ್ಲ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಸ್ ಎಂಬ ಎಂಜಿನಿಯರ್, ವಿಕಿರಣ ಸೂಸುವ ವಸ್ತುಗಳನ್ನು ಗೋಡೆಯ ಈಚೆ ನಿಂತು ಎತ್ತಿಡಲು ಜೋಡಿ ತೋಳುಗಳನ್ನು ಮಾಡಿದರು. ಈಚೆಯ ತೋಳನ್ನು ಆಡಿಸಿದರೆ ಆಚೆಯದೂ ಆಡುತ್ತಿತ್ತು. ಆಚೆಯದು ಏನಾದರೂ ತಾಕಿದರೆ ಈಚೆಯ ಕೈಗೆ ಆ ತಾಕು ತಿಳಿಯುತ್ತಿತ್ತು. 2001ರ ಸೆಪ್ಟೆಂಬರ್ 7ರಂದು ಫ್ರಾನ್ಸಿನ ಶಸ್ತ್ರವೈದ್ಯ ಜಾಕ್ ಮಾರೆಸ್ಕೋ ನ್ಯೂಯಾರ್ಕಿನಲ್ಲಿ ಕೂತು, ಸ್ಟ್ರಾಸ್‌ಬರ್ಗ್‌ನಲ್ಲಿದ್ದ 68 ವರ್ಷದ ಮಹಿಳೆಯ ಪಿತ್ತಕೋಶವನ್ನು ಯಂತ್ರದ ಮೂಲಕ ತೆಗೆದರು. ಮರುವರ್ಷ 2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಎಂಐಟಿ ಮತ್ತು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಅಟ್ಲಾಂಟಿಕ್ ಸಾಗರದ ಆಚೀಚೆ ಕೂತು, ಅಂತರ್ಜಾಲದ ಮೂಲಕ ಒಬ್ಬರ ತಳ್ಳುವಿಕೆಯನ್ನು ಇನ್ನೊಬ್ಬರು ಬೆರಳಲ್ಲಿ ಅನುಭವಿಸುತ್ತ, ಪರದೆಯ ಮೇಲಿನ ಒಂದು ಪೆಟ್ಟಿಗೆಯನ್ನು ಜೊತೆಯಾಗಿ ಎತ್ತಿದರು. ಎಂಐಟಿಯ ಆ ಸ್ಪರ್ಶ ಪ್ರಯೋಗಾಲಯವನ್ನು ಕಟ್ಟಿ ನಡೆಸಿದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಹೋದ ಮಂಡಯಂ ಶ್ರೀನಿವಾಸನ್.

ಅದೇ 2002ರಲ್ಲಿ ನಮ್ಮ ರಾಜ್ಯದಲ್ಲೂ ಒಂದು ಕೆಲಸ ನಡೆಯಿತು. ಇಸ್ರೋ ಉಪಗ್ರಹದ ನೆರವಿನಿಂದ ಬೆಂಗಳೂರಿನ ನಾರಾಯಣ ಹೃದಯಾಲಯ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಆಗ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ ಒಂದಕ್ಕೊಂದು ಜೋಡಣೆಯಾದವು. ಕಾಡಂಚಿನ ರೋಗಿಯ ಇಸಿಜಿಯನ್ನು ಬೆಂಗಳೂರಿನ ಹೃದ್ರೋಗ ತಜ್ಞ ನೋಡುವಂತಾಯಿತು. ಅದು ಗೆದ್ದದ್ದು ಏಕೆ ಎಂಬುದು ಮುಖ್ಯ. ತಜ್ಞ ಅಲ್ಲಿಂದ ಹೇಳಿದ್ದನ್ನು ಇಲ್ಲಿ ಮಾಡಲು ವೈದ್ಯ, ದಾದಿ ಇದ್ದರು. ತಂತಿಯ ಈ ತುದಿಯಲ್ಲೂ ಮನುಷ್ಯರಿದ್ದರು.

ಸ್ಪರ್ಶವನ್ನು ಸಾಗಿಸುವುದು ಇಸಿಜಿ ಸಾಗಿಸಿದಷ್ಟು ಸುಲಭವಿಲ್ಲ. ಚಿತ್ರ ಅರ್ಧ ಸೆಕೆಂಡು ತಡವಾಗಿ ಬಂದರೆ ನಷ್ಟವಿಲ್ಲ, ಸ್ಪರ್ಶ ತಡವಾದರೆ ಅಪಾಯ. ಚಿಕಿತ್ಸಕಿ ಅಲ್ಲಿ ಒತ್ತುತ್ತಾರೆ, ಇಲ್ಲಿ ಕೀಲು ತಡೆಯುತ್ತದೆ. ತಡೆದ ಸುದ್ದಿ ಅವರಿಗೆ ಮುಟ್ಟುವ ಮೊದಲು ಅವರ ಕೈ ಇನ್ನಷ್ಟು ಮುಂದೆ ಹೋಗಿರುತ್ತದೆ. ಸುದ್ದಿ ಬಂದೊಡನೆ ಹಿಂದಕ್ಕೆ ಎಳೆಯುತ್ತಾರೆ, ಆ ಎಳೆತವೂ ತಡವಾಗಿ ತಲಪುತ್ತದೆ. ಎರಡೂ ತುದಿಗಳ ಯಂತ್ರಗಳು ಒಂದನ್ನೊಂದು ತಳ್ಳಾಡುತ್ತ ನಡುಗತೊಡಗುತ್ತವೆ. ಗಟ್ಟಿಯಾದ ವಸ್ತುವನ್ನು ಮುಟ್ಟಿದ ಅನುಭವ ನಿಜದಂತಿರಬೇಕಾದರೆ ಬಲದ ಲೆಕ್ಕ ಸೆಕೆಂಡಿಗೆ ಸುಮಾರು 1000 ಸಲ ಹೊಸದಾಗಬೇಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಕೊಪ್ಪಳಕ್ಕೆ ಅದಕ್ಕೆ 2 ಮಿಲಿಸೆಕೆಂಡು ಸಾಕು. ಅಂದರೆ ದೂರ ನಮ್ಮ ಶತ್ರುವಲ್ಲ. ತಡವಾಗುವುದು ನಡುವಿನ ಜಂಕ್ಷನ್‌ಗಳಲ್ಲಿ, ಊರ ಹೊರಗಿನ ಮೊಬೈಲ್ ಟವರಿನಲ್ಲಿ. ಅಲ್ಲಿ ಹತ್ತಾರು ಮಿಲಿಸೆಕೆಂಡು ಹೋಗುತ್ತದೆ, ಸಂಜೆ ಊರೆಲ್ಲ ಫೋನ್ ಹಿಡಿದು ಕೂತಾಗ ಇನ್ನೂ ಹೆಚ್ಚು. ಆ ತಡ ಒಂದೇ ಸಮನೆ ಇರುವುದೂ ಇಲ್ಲ.

ಇದಕ್ಕೆ ಗಣಿತದ ಪರಿಹಾರವಿದೆ. 1989ರಲ್ಲಿ ರಾಬರ್ಟ್ ಆಂಡರ್ಸನ್ ಮತ್ತು ಮಾರ್ಕ್ ಸ್ಪಾಂಗ್ ಎಂಬ ಇಬ್ಬರು, ತಡವಿದ್ದರೂ ಯಂತ್ರ ನಡುಗದಂತೆ ನಿಯಂತ್ರಿಸುವ ದಾರಿ ತೋರಿಸಿದರು. ಆಮೇಲಿನ ಬಹುಪಾಲು ಕೆಲಸ ಅವರ ದಾರಿಯನ್ನೇ ಬೆಳೆಸಿಕೊಂಡು ಬಂದಿದೆ. ಆದರೆ ಆ ಭದ್ರತೆಗೆ ಬೆಲೆ ತೆರಬೇಕು. ತಡ ಹೆಚ್ಚಿದಷ್ಟೂ ಹಿಡಿಕೆ ಭಾರವೆನಿಸುತ್ತದೆ, ಗಟ್ಟಿಯಾದದ್ದು ಮೆತ್ತಗೆ ತೋರುತ್ತದೆ. ಇದರ ಅರ್ಥವನ್ನು ದಯವಿಟ್ಟು ಗಮನಿಸಿ. ಸಂಪರ್ಕ ಕೆಟ್ಟಷ್ಟೂ ಸ್ಪರ್ಶ ಸುಳ್ಳು ಹೇಳುತ್ತದೆ. ಫಿಜಿಯೋ ಯಾರೂ ಇಲ್ಲದ ಹಳ್ಳಿಗೇ ಯಂತ್ರ ಹೆಚ್ಚು ಬೇಕು, ಆ ಹಳ್ಳಿಯಲ್ಲೇ ಸಂಪರ್ಕ ಅತಿ ದುರ್ಬಲ. ಗ್ರಾಮ ಪಂಚಾಯಿತಿಗಳಿಗೆಲ್ಲ ಗಾಜಿನೆಳೆ ಮುಟ್ಟಿಸುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಪೆಟ್ಟಿಗೆ ಇರುವುದು ಬೇರೆ, ಬೆಳಗಿನಿಂದ ಸಂಜೆಯವರೆಗೆ ಅದರಲ್ಲಿ ಎಡೆಬಿಡದ ಸಂಪರ್ಕ ಇರುವುದು ಬೇರೆ.

ಈ ಕಾರಣದಿಂದಲೇ ಎರಡೂ ತುದಿ ಮುಟ್ಟಿಸುವ ನಿಜವಾದ ದೂರಸ್ಪರ್ಶ ಬಹುಮಟ್ಟಿಗೆ ಪ್ರಯೋಗಾಲಯಗಳಲ್ಲೇ ಉಳಿದಿದೆ. ರೋಗಿಗಳ ನಡುವೆ ಬಂದಿರುವುದು ಇನ್ನೊಂದು ಬಗೆ. ರೋಗಿಯ ಹತ್ತಿರದ ಯಂತ್ರಕ್ಕೆ ತನ್ನದೇ ಬುದ್ಧಿ ಇರುತ್ತದೆ. ಇಷ್ಟು ಡಿಗ್ರಿಗಿಂತ ಮುಂದೆ ಹೋಗಬೇಡ, ಇಷ್ಟಕ್ಕಿಂತ ಹೆಚ್ಚು ಬಲ ಹಾಕಬೇಡ ಎಂಬ ಮಿತಿಯನ್ನು ಅದು ತಾನೇ ಕಾಯುತ್ತದೆ. ದೂರದ ಚಿಕಿತ್ಸಕಿ ಆ ಮಿತಿಗಳನ್ನು ಗೊತ್ತುಮಾಡಿ, ಪರದೆಯಲ್ಲಿ ನೋಡುತ್ತ, ಮಾತಾಡುತ್ತ, ವಾರ ವಾರ ಬದಲಿಸುತ್ತಾರೆ. ನಮ್ಮ ಜಿಲ್ಲೆಗೆ ಹೊಂದುವುದು ಇದೇ. ಎಂಐಟಿಯಲ್ಲಿ ನೆವಿಲ್ ಹೋಗನ್ ಮತ್ತು ಹರ್ಮಾನೊ ಕ್ರೆಬ್ಸ್ 1990ರ ದಶಕದಲ್ಲಿ ರೂಪಿಸಿದ 'ಎಂಐಟಿ ಮಾನುಸ್' ಎಂಬ ತೋಳಿನ ಯಂತ್ರದ ಒಂದು ಗುಣ ನನಗೆ ಬಹಳ ಮೆಚ್ಚುಗೆ. ರೋಗಿ ತಾನಾಗಿ ಕೈ ಸರಿಸಿದರೆ ಅದು ಅಡ್ಡ ನಿಲ್ಲದೆ ಹಗುರವಾಗಿ ಹಿಂದೆ ಬರುತ್ತದೆ, ರೋಗಿ ಸೋತಲ್ಲಿ ಮಾತ್ರ ನೆರವಾಗುತ್ತದೆ. ಯಲಬುರ್ಗಾದಲ್ಲಿ ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋದರೆ ರೋಗಿಯ ಕೈಯನ್ನು ಯಂತ್ರ ಬಿಗಿ ಹಿಡಿದು ನಿಲ್ಲಬಾರದು, ಮೆತ್ತಗಾಗಿ ಬಿಟ್ಟುಬಿಡಬೇಕು. ಯಂತ್ರ ಕೊಳ್ಳುವ ಸಮಿತಿಯಲ್ಲಿ ಯಾರೇ ಇರಲಿ, ಮಾರಲು ಬಂದವರ ಎದುರಿಗೇ ಪ್ಲಗ್ ಕಿತ್ತು ಪರೀಕ್ಷಿಸಬೇಕು.

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಮದ್ರಾಸ್ ಐಐಟಿಯವರು ಕೂಡಿ 'ಪ್ಲೂಟೊ' ಎಂಬ ಪುಟ್ಟ ಯಂತ್ರ ಮಾಡಿದ್ದಾರೆ. ಮೇಜಿನ ಮೇಲೆ ಕೂರುವಷ್ಟು ಚಿಕ್ಕದು. ಒಂದೇ ಮೋಟರಿಗೆ ಬೇರೆ ಬೇರೆ ಹಿಡಿಕೆ ಸಿಕ್ಕಿಸಿ ಮಣಿಕಟ್ಟು, ಮುಂಗೈ, ಬೆರಳುಗಳಿಗೆ ವ್ಯಾಯಾಮ ಕೊಡಬಹುದು. ಕೇರಳದಲ್ಲಿ ಮ್ಯಾನ್‌ಹೋಲಿಗೆ ಇಳಿಯುವ ಯಂತ್ರದಿಂದ ಹೆಸರಾದ ಜೆನ್‌ರೋಬೋಟಿಕ್ಸ್‌ನವರು ನಡಿಗೆ ಕಲಿಸುವ ಯಂತ್ರ ತಂದಿದ್ದಾರೆ. ಸ್ವಿಟ್ಜರ್ಲೆಂಡಿನ ಲೋಕೋಮ್ಯಾಟಿನಂಥ ದೊಡ್ಡ ಯಂತ್ರಗಳು ಮಹಾನಗರದ ಆಸ್ಪತ್ರೆಗಳಿಗೆ ಸರಿ. ತಾಲ್ಲೂಕು ಆಸ್ಪತ್ರೆಯ ಮೂಲೆಯ ಕೋಣೆಗೆ ಬೇಕಾದದ್ದು ಆ ಪುಟ್ಟದು.

ಯಂತ್ರದಿಂದ ನಿಜವಾಗಿ ಗುಣವಾಗುತ್ತದೆಯೇ? ಇಲ್ಲಿ ಭಾವನೆ ಬೇಡ, ಪರೀಕ್ಷೆಗಳು ಏನು ಹೇಳಿವೆ ನೋಡೋಣ. ಲಕ್ವಾ ಆದ ಕೈಗೆ ಸಾಮಾನ್ಯ ಫಿಜಿಯೋ ಅವಧಿಯೊಂದರಲ್ಲಿ ಎಷ್ಟು ಸಲ ಉಪಯುಕ್ತ ಚಲನೆ ಸಿಗುತ್ತದೆ ಎಂದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಣಿಸಿದರು. ಸರಾಸರಿ ಸಿಕ್ಕದ್ದು 32. ಮರುವರ್ಷ ಪ್ರಕಟವಾದ, 127 ರೋಗಿಗಳ ಇನ್ನೊಂದು ಪರೀಕ್ಷೆಯಲ್ಲಿ ಯಂತ್ರ ಒಂದು ಅವಧಿಗೆ ಸರಾಸರಿ 1024 ಚಲನೆ ಮಾಡಿಸಿತು. ಮೆದುಳು ಹೊಸ ದಾರಿ ಕಲಿಯುವುದು ಮರುಕಳಿಕೆಯಿಂದ. ಹಾಗಾದರೆ ಯಂತ್ರ ಗೆದ್ದೇ ಬಿಟ್ಟಿತು ಎನಿಸುತ್ತದೆ. ಆದರೆ 2019ರಲ್ಲಿ ಬ್ರಿಟನ್ನಿನಲ್ಲಿ 770 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ವಾರಕ್ಕೆ ಮೂರು ದಿನದಂತೆ 12 ವಾರ ಯಂತ್ರದ ವ್ಯಾಯಾಮ ಪಡೆದವರ ಕೈ, ಮಾಮೂಲು ಆರೈಕೆ ಪಡೆದವರ ಕೈಗಿಂತ ದಿನನಿತ್ಯದ ಕೆಲಸದಲ್ಲಿ ಮೇಲಾಗಿರಲಿಲ್ಲ. ಯಂತ್ರದೊಳಗೆ ಕೈ ಚೆನ್ನಾಗಿ ಆಡುವುದು ಬೇರೆ, ಅದೇ ಕೈಯಿಂದ ರೊಟ್ಟಿ ಮುರಿಯುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಬಿಂದಿಗೆ ಎತ್ತುವುದು ಬೇರೆ.

ಇದಕ್ಕೆ ಎದುರಿನ ತುದಿಯ ಪರೀಕ್ಷೆಯೂ ಆಗಿದೆ, ಅದು ನಮ್ಮ ದೇಶದ್ದೇ. 'ಅಟೆಂಡ್' ಎಂಬ ಹೆಸರಿನಲ್ಲಿ 14 ಆಸ್ಪತ್ರೆಗಳ 1250 ಲಕ್ವಾ ರೋಗಿಗಳನ್ನು ತೆಗೆದುಕೊಂಡು, ಅರ್ಧದಷ್ಟು ಜನರ ಮನೆಯವರಿಗೆ ವ್ಯಾಯಾಮ ಮಾಡಿಸುವುದನ್ನು ಕಲಿಸಿ ಕಳಿಸಿದರು. 2017ರಲ್ಲಿ ಬಂದ ಫಲಿತಾಂಶ ನಿರಾಸೆಯದು. ಆರು ತಿಂಗಳ ಕೊನೆಗೆ ತೀರಿಕೊಂಡವರು ಮತ್ತು ಪರಾವಲಂಬಿಯಾಗಿ ಉಳಿದವರು ಎರಡೂ ಗುಂಪಿನಲ್ಲಿ ನೂರಕ್ಕೆ 47. ಮನೆಯವರ ಪ್ರೀತಿಯೊಂದೇ ಸಾಲದು ಎಂದಾಯಿತು. ಮೂರನೆಯದು 2019ರಲ್ಲೇ ಅಮೆರಿಕದಿಂದ ಬಂದದ್ದು. 124 ರೋಗಿಗಳಲ್ಲಿ ಕೆಲವರಿಗೆ ಆಸ್ಪತ್ರೆಯಲ್ಲಿ, ಕೆಲವರಿಗೆ ಮನೆಯಲ್ಲೇ ಕಂಪ್ಯೂಟರಿನ ಮೂಲಕ ಚಿಕಿತ್ಸಕರ ಮೇಲ್ವಿಚಾರಣೆಯಲ್ಲಿ, ಅಷ್ಟೇ ಹೊತ್ತಿನ ವ್ಯಾಯಾಮ ಕೊಟ್ಟರು. ಮನೆಯಲ್ಲಿ ಮಾಡಿದವರು ಆಸ್ಪತ್ರೆಗೆ ಹೋದವರಿಗಿಂತ ಹಿಂದೆ ಬೀಳಲಿಲ್ಲ.

ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಕಾಣುವುದು ಇಷ್ಟು. ಯಂತ್ರವನ್ನೇ ನಂಬಿದರೆ ಸಾಲದು, ಮನೆಯವರನ್ನೇ ನಂಬಿದರೂ ಸಾಲದು. ತಿಳಿದವರ ಕಣ್ಣು ವಾರ ವಾರವೂ ರೋಗಿಯ ಮೇಲೆ ಇರಬೇಕು. ಅದು ದೂರದ ಕಣ್ಣಾದರೂ ನಡೆಯುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಕೊಪ್ಪಳ ಜಿಲ್ಲೆಗೆ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕು. ಕನಕಗಿರಿ, ಕಾರಟಗಿ, ಕುಕನೂರು ಆಮೇಲೆ ಬಂದವು. ನಾಲ್ಕರ ಮೈನೋವೂ ಬೇರೆ ಬೇರೆ. ಗಂಗಾವತಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ದಿನವಿಡೀ ಬಾಗಿ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳ ಸೊಂಟ. ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರದ ಕಡೆ ಮಗ್ಗದ ಮುಂದೆ ಕೂತವರ ಕುತ್ತಿಗೆ, ಭುಜ. ಕೊಪ್ಪಳದ ಗಿಣಿಗೇರಿ ಸುತ್ತಿನ ಕಾರ್ಖಾನೆಗಳಲ್ಲಿ ಭಾರ ಎತ್ತುವವರ ಬೆನ್ನು. ಯಲಬುರ್ಗಾ, ಕುಷ್ಟಗಿಗಳ ಒಣಭೂಮಿಯಲ್ಲಿ ಇನ್ನೊಂದಿದೆ, ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ಅಲ್ಲಿನ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಎಲುಬು ದಪ್ಪವಾಗುತ್ತದೆ, ಕೀಲಿನ ನಾರುಗಳಲ್ಲಿ ಸುಣ್ಣ ಕೂರುತ್ತದೆ, ಬೆನ್ನು ಬಾಗದಂತಾಗುತ್ತದೆ. ನೋಡಲು ಗಟ್ಟಿ, ಆದರೆ ಆ ಎಲುಬು ಪೆಡಸು. ಇಂಥವರಿಗೆ ಲಕ್ವಾವೂ ಆಯಿತೆನ್ನಿ. ಮೊಣಕೈ ಅರ್ಧದಲ್ಲಿ ನಿಲ್ಲುತ್ತದೆ. ಹೊರದೇಶದ ರೋಗಿಗಳ ಲೆಕ್ಕದ ಮೇಲೆ ಮಿತಿ ಗೊತ್ತುಮಾಡಿದ ಯಂತ್ರಕ್ಕೆ ಅದು ಸ್ನಾಯುವಿನ ಬಿಗಿತವೆಂದೇ ತೋರಬಹುದು. ಇನ್ನಷ್ಟು ಚಾಚಲು ಅದು ಬಲ ಹಾಕಿದರೆ ಎಲುಬಿಗೇ ಕುತ್ತು. ದೂರದ ತಜ್ಞರಿಗೆ ಆ ಊರಿನ ನೀರಿನ ಸುದ್ದಿ ಗೊತ್ತಿರುವುದಿಲ್ಲ. ಊರಲ್ಲೇ ಹುಟ್ಟಿದವರಿಗೆ ಗೊತ್ತಿರುತ್ತದೆ. 'ಇವರ ಅಣ್ಣನಿಗೂ ಬೆನ್ನು ಹಿಂಗ ಆಗೇದ್ರಿ, ಇವರ ಓಣಿ ಬೋರಿನ ನೀರೇ ಹಂಗ' ಎಂದು ಒಬ್ಬರು ಹೇಳಿದರೆ ಸಾಕು, ಚಿಕಿತ್ಸೆಯ ದಿಕ್ಕೇ ಬದಲಾಗುತ್ತದೆ.

ಇನ್ನು ದೂರದ ಮಾತು. ಕುಷ್ಟಗಿಗೆ ರೈಲು ಬಂದದ್ದೇ 2025ರಲ್ಲಿ. ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಕೊಪ್ಪಳಕ್ಕೆ, ಅಲ್ಲೂ ಆಗದಿದ್ದರೆ ನೂರು ಕಿಲೋಮೀಟರ್ ಮೀರಿದ ಹುಬ್ಬಳ್ಳಿಗೆ. ಲಕ್ವಾ ರೋಗಿಯ ಜೊತೆ ಒಬ್ಬರಾದರೂ ಬರಬೇಕು, ಅವರ ದಿನದ ಕೂಲಿ ಹೋಗುತ್ತದೆ. ಬಸ್ಸಿನ ಮೆಟ್ಟಿಲು ಹತ್ತಿಸಲು ಇನ್ನೊಬ್ಬರು ಬೇಕು. ಹೀಗಾಗಿ ಕೆಲವು ದಿನ ಬರುತ್ತಾರೆ, ಆಮೇಲೆ ನಿಲ್ಲಿಸುತ್ತಾರೆ, ಕೊನೆಗೆ ಎಣ್ಣೆ ತಿಕ್ಕುವವರ ಹತ್ತಿರ ಹೋಗುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಎಣ್ಣೆ ತಿಕ್ಕುವವರು ಮನೆಗೇ ಬರುತ್ತಾರೆ, ಮೈ ಮುಟ್ಟುತ್ತಾರೆ, ಹೊತ್ತು ಕೊಡುತ್ತಾರೆ. ನಾವು ಕೊಡಲಾಗದ್ದು ಅದೇ ಮೂರು. ಲಕ್ವಾದಲ್ಲಿ ಅತಿ ಹೆಚ್ಚು ಚೇತರಿಕೆ ಆಗುವುದು ಮೊದಲ ಮೂರು ತಿಂಗಳಲ್ಲಿ. ನಮ್ಮ ರೋಗಿಗಳ ಆ ಮೂರು ತಿಂಗಳು ಬಸ್ ಸ್ಟ್ಯಾಂಡಿನಲ್ಲೋ ಮನೆಯ ಮೂಲೆಯಲ್ಲೋ ಕಳೆದುಹೋಗುತ್ತವೆ. ನನ್ನನ್ನು ಅತಿ ಹೆಚ್ಚು ಸಂಕಟಕ್ಕೆ ಈಡುಮಾಡುವ ಸಂಗತಿ ಇದು.

ಹಾಗಾದರೆ ರೋಗಿಯ ಪಕ್ಕದಲ್ಲಿ ನಿಲ್ಲುವ ಆ ಮನುಷ್ಯ ಯಾರು? ನಮ್ಮ ರಾಜ್ಯದಲ್ಲಿ ಆ ವ್ಯವಸ್ಥೆ ಕಾಗದದ ಮೇಲೆ ಮಾತ್ರವಲ್ಲ, ಊರಲ್ಲೂ ಇದೆ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನರ ಬಾಯಲ್ಲಿ 'ವಿಆರ್‌ಡಬ್ಲ್ಯೂ'. ಅವರ ಮೇಲೆ ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, 'ಎಂಆರ್‌ಡಬ್ಲ್ಯೂ'. ಬಹುತೇಕರು ಸ್ವತಃ ಅಂಗವಿಕಲರು. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ ಎಂಬುದು ಅವರಿಗೆ ಬಾಯಿಪಾಠ. ಇಂಥವರಿಂದ ನಾವು ಮಾಡಿಸುತ್ತಿರುವುದೇನು? ಗುರುತಿನ ಚೀಟಿಯ ಅರ್ಜಿ, ಪಿಂಚಣಿಯ ಕಾಗದ, ಸಭೆಗೆ ಹಾಜರಿ. ಹೆಸರಲ್ಲಿ ಪುನರ್ವಸತಿ ಇದೆ, ಕೈಗೆ ತರಬೇತಿ ಇಲ್ಲ, ಸಿಗುವುದು ಅಲ್ಪ ಗೌರವಧನ. ಊರವರಿಗೇ ಕಲಿಸಿದರೆ ಏನಾಗಬಲ್ಲುದು ಎಂಬುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ 'ಸಮೂಹ' ಸಂಸ್ಥೆ ತನ್ನ 'ಸಾಮರ್ಥ್ಯ' ಕಾರ್ಯಕ್ರಮದ ಮೂಲಕ ಸಮುದಾಯದೊಳಗೇ ಪುನರ್ವಸತಿ ನಡೆಸುವ ಕೆಲಸವನ್ನು ವರ್ಷಗಳಿಂದ ಮಾಡುತ್ತ ಬಂದಿದೆ.

ದೂರನಿಯಂತ್ರಿತ ಯಂತ್ರಕ್ಕೆ ನಾನು ಕೇಳುವ ಜಾಗ ಇಲ್ಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಪುಟ್ಟ ಯಂತ್ರ, ಅದರ ಪಕ್ಕ ಕಾಯಂ ಫಿಜಿಯೋ. ವಾರಕ್ಕೊಂದು ದಿನ ಆ ತಾಲ್ಲೂಕಿನ ವಿಆರ್‌ಡಬ್ಲ್ಯೂಗಳು ಸರದಿಯಲ್ಲಿ ಬರಲಿ. ದೂರದ ಹಿರಿಯ ಚಿಕಿತ್ಸಕಿ ತಮ್ಮ ಹಿಡಿಕೆಯನ್ನು ಆಡಿಸುವಾಗ ಇಲ್ಲಿಯ ತೋಳನ್ನು ಮೊದಲು ಹಿಡಿಯಬೇಕಾದವರು ಕಲಿಯುವವರು. 'ಇಷ್ಟು ಒತ್ತು, ಇಲ್ಲಿ ನಿಲ್ಲಿಸು, ಈ ತಡೆ ಬಂದಾಗ ಹಿಂದೆ ಸರಿ' ಎಂಬುದನ್ನು ಮಾತಿನಲ್ಲಿ ಕಲಿಸಲಾಗುವುದಿಲ್ಲ. ಹೊಸದಾಗಿ ನೇಯಲು ಕೂತ ಹುಡುಗನ ಕೈಯ ಮೇಲೆ ಹಿರಿಯ ನೇಕಾರ ತನ್ನ ಕೈಯಿಟ್ಟು ಲಾಳಿ ಎಸೆಯುವುದನ್ನು ಕಲಿಸಿದ ಹಾಗೆ ಅದನ್ನು ಕಲಿಸಬೇಕು. ಆರೋಗ್ಯವಂತ ಕಲಿಯುವವರ ಕೈಯ ಮೇಲೆ ಹತ್ತಿಪ್ಪತ್ತು ಮಿಲಿಸೆಕೆಂಡು ತಡವಾದರೂ ಯಾರ ಭುಜವೂ ಜಾರುವುದಿಲ್ಲ. ಹೀಗೆ ಕಲಿತ ಕೈ ಸಂಪರ್ಕ ಇಲ್ಲದ ದಿನವೂ, ಕರೆಂಟ್ ಇಲ್ಲದ ಹೊತ್ತಿನಲ್ಲೂ, ಯಂತ್ರ ಹೋಗಲಾರದ ತಾಂಡಾದ ಮನೆಯಲ್ಲೂ ಕೆಲಸ ಮಾಡುತ್ತದೆ. ಯಂತ್ರ ತನ್ನ ಪಾಲಿಗೆ ಬಂದ ಸಾವಿರ ಸಲದ ಮರುಕಳಿಕೆಯನ್ನೂ ಅಳತೆಯನ್ನೂ ಮಾಡಲಿ.

ಯಂತ್ರದಿಂದ ಪೆಟ್ಟಾದರೆ ಹೊಣೆ ಯಾರದು ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ನೋಂದಾಯಿತ ವೈದ್ಯರಿಗೆ ಸಂಬಂಧಿಸಿದ್ದು. ದೂರದಿಂದ ಶಸ್ತ್ರಚಿಕಿತ್ಸೆ ಮಾಡುವುದನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಫಿಜಿಯೋಗಳಿಗೆ ಕಾನೂನಿನ ಚೌಕಟ್ಟು ಸಿಕ್ಕದ್ದು 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯಿಂದ. ಆ ಕಾಯ್ದೆಯಡಿ ದೂರಚಿಕಿತ್ಸೆಯ ನಿಯಮ ಸ್ಪಷ್ಟವಾಗಿ ಬರಬೇಕು. ಅಲ್ಲಿಯವರೆಗೆ, ರೋಗಿಯ ಪಕ್ಕದಲ್ಲಿ ನಿಂತ ಫಿಜಿಯೋ ಬೇಡವೆಂದರೆ ದೂರದ ಕೈ ನಿಲ್ಲಲೇಬೇಕು ಎಂಬ ನಿಯಮವನ್ನು ನಾವೇ ಇಟ್ಟುಕೊಳ್ಳೋಣ. ನಿಲ್ಲಿಸುವ ಕೆಂಪು ಗುಂಡಿ ರೋಗಿಯ ಚೆನ್ನಾಗಿರುವ ಕೈಗೂ ಎಟಕುವಂತಿರಲಿ.

ದುಡ್ಡಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸಂವಿಧಾನದ 371ಜೆ ವಿಧಿಯ ಸೌಲಭ್ಯ ನಮ್ಮ ಜಿಲ್ಲೆಗಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. 2015ರಿಂದ ಕೊಪ್ಪಳದಲ್ಲೇ ವೈದ್ಯಕೀಯ ಕಾಲೇಜಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಕಲಮು, ವಿಶೇಷವಾಗಿ ಗ್ರಾಮೀಣ ಭಾಗದಲ್ಲಿ, ಹತ್ತಿರದಲ್ಲೇ ಉಚಿತ ಆರೋಗ್ಯ ಸೇವೆ ಕೊಡಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ಮಂಡಳಿಯ ಸದಸ್ಯರನ್ನೂ ಜಿಲ್ಲಾ ಆಡಳಿತವನ್ನೂ ನಾನು ಈ ವೇದಿಕೆಯಿಂದ ಕೇಳಿಕೊಳ್ಳುವುದು ಮೂರು ಮಾತು. ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಂ ಫಿಜಿಯೋ ಹುದ್ದೆಗಳು ಮೊದಲು ತುಂಬಲಿ. ಎರಡನೆಯದಾಗಿ ಪ್ರತಿ ವಿಆರ್‌ಡಬ್ಲ್ಯೂಗೂ ಕೈಕೆಲಸದ ತರಬೇತಿ, ಅದಕ್ಕೆ ತಕ್ಕ ಗೌರವಧನ ಸಿಗಲಿ. ಇವೆರಡೂ ಆದ ಆಸ್ಪತ್ರೆಗೆ, ಆದ ವರ್ಷವೇ, ಯಂತ್ರ ಬರಲಿ. ಈ ಕ್ರಮ ತಿರುವುಮುರುವಾದರೆ ಯಂತ್ರ ಉದ್ಘಾಟನೆಯ ಫೋಟೋ ಆದ ಮೇಲೆ ಹೊದಿಕೆಯ ಕೆಳಗೆ ಉಳಿಯುತ್ತದೆ.

ಕೇಳುತ್ತ ಕೂತ ನಿಮ್ಮಲ್ಲೂ ಒಂದು ಬೇಡಿಕೆಯಿದೆ. ನಿಮ್ಮ ಮನೆಯಲ್ಲಾಗಲಿ ಓಣಿಯಲ್ಲಾಗಲಿ ಯಾರಿಗಾದರೂ ಲಕ್ವಾ ಆದರೆ, ಮೊದಲ ಗಂಟೆಗಳಲ್ಲೇ ಆಸ್ಪತ್ರೆಗೆ ಒಯ್ಯಿರಿ. ಮರಳಿ ಬಂದ ಮೇಲೆ ಬಿದ್ದ ಕೈಯನ್ನು ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಕೂತಾಗ ಆ ಕೈಯ ಕೆಳಗೆ ದಿಂಬು ಇಡಿ. ಮೊದಲ ಮೂರು ತಿಂಗಳು ಫಿಜಿಯೋ ತಪ್ಪಿಸಬೇಡಿ. ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಯಾರು, ಅವರ ಫೋನ್ ನಂಬರ್ ಏನು ಎಂದು ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಅವರಿಗೆ ತರಬೇತಿ ಯಾವಾಗ ಕೊಡುತ್ತೀರಿ ಎಂದು ಕೇಳಿರಿ.